ಎಂಟು ಗಂಟೆಯ ನೆರಳು, ಅರ್ಧ ಎಂ.ಎಲ್. ಸೂರ್ಯ

ಸಂಕ್ರಾಂತಿಯ ಮರುದಿನ, ಬೆಳಿಗ್ಗೆ ಎಂಟು ಗಂಟೆ. ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಗಲ್ಲಿಯಲ್ಲಿರುವ ನಮ್ಮ ಮನೆಯ ತಾರಸಿಯ ಮೇಲೆ ಅಮ್ಮ ಕಾಲು ಚಾಚಿ ಕೂತಿದ್ದಳು. ಅವಳ ಕಾಲ ಮೇಲೆ ತಂಗಿಯ ಹೆಣ್ಣುಕೂಸು, ಹನ್ನೊಂದು ದಿನದ್ದು. ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಿಡಿದು, ಕೆನ್ನೆಗೊಂದು ದೃಷ್ಟಿಬೊಟ್ಟಿಟ್ಟು ಎಳೆಬಿಸಿಲಿಗೆ ತಂದಿದ್ದಳು. ಕೂಸಿನ ಬೆನ್ನು ಬೆಳಕಿನಲ್ಲಿ ಹಸಿ ಬಾಳೆ ಎಲೆಯಂತೆ ಹೊಳೆಯುತ್ತಿತ್ತು.

ನನ್ನ ಕೈಯಲ್ಲಿ ಔಷಧಿ ಅಂಗಡಿಯ ಪುಟ್ಟ ಬಾಟಲಿ. ಮಕ್ಕಳ ಡಾಕ್ಟರು ಚೀಟಿಯಲ್ಲಿ ಬರೆದಿದ್ದರು: ವಿಟಮಿನ್ ಡಿ ಡ್ರಾಪ್ಸ್, ದಿನಕ್ಕೆ ಅರ್ಧ ಎಂ.ಎಲ್., ಒಂದು ವರ್ಷ ತುಂಬುವ ತನಕ.

ಅಮ್ಮ ಬಾಟಲಿಯನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿದಳು. "ಬಿಸಿಲಿಗೆ ಬರಗಾಲ ಬಂತೇನೋ ಈ ಊರಲ್ಲಿ? ನಿಮ್ಮಿಬ್ಬರನ್ನೂ ಇದೇ ಬಿಸಿಲಲ್ಲಿ ಕಾಯಿಸಿ ಬೆಳೆಸಿದೆ. ಆಗ ಯಾವ ಡ್ರಾಪ್ಸು ಹಾಕಿದ್ದೆ?"

ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ ಬಾಣಂತಿ ತಂಗಿಯ ಪ್ರಶ್ನೆ ಬೇರೆಯೇ ಇತ್ತು. ಅವಳ ದನಿ ನಡುಗುತ್ತಿತ್ತು. "ಅಣ್ಣ, ನನ್ನ ಹಾಲಲ್ಲಿ ಏನೋ ಕಮ್ಮಿ ಇದೆ ಅಂತ ತಾನೆ ಇದರ ಅರ್ಥ?"

ಅವತ್ತು ಇಬ್ಬರಿಗೂ ನಾನು ಉತ್ತರ ಕೊಡಲಿಲ್ಲ, ಕೊಡಲು ನನಗೆ ಗೊತ್ತಿರಲಿಲ್ಲ. ಹುಡುಕುತ್ತಾ ಹೋದೆ. ಹೋದಂತೆಲ್ಲ ಆ ಅಂಗೈಯಗಲದ ದೇಹದೊಳಗೆ ಎಂಥ ವ್ಯವಹಾರ ನಡೆಯುತ್ತಿದೆ ಎಂಬುದು ಒಂದೊಂದಾಗಿ ತೆರೆದುಕೊಂಡಿತು. ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ಕಂಡದ್ದನ್ನೆಲ್ಲ ಯಾರಿಗಾದರೂ ಹೇಳದೆ ಇರಲಾರೆ ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಾಲ್ಕು ನಾಣ್ಯದ ತೂಕ

ಒಂಬತ್ತು ತಿಂಗಳು ತುಂಬಿ ಹುಟ್ಟಿದ ಕೂಸಿನ ಮೈಯಲ್ಲಿ ಇರುವ ಕ್ಯಾಲ್ಸಿಯಂ ಎಷ್ಟು ಗೊತ್ತೆ? ಸುಮಾರು 30 ಗ್ರಾಂ. ಹತ್ತು ರೂಪಾಯಿಯ ನಾಲ್ಕು ನಾಣ್ಯಗಳನ್ನು ಅಂಗೈಯಲ್ಲಿ ಇಟ್ಟುಕೊಳ್ಳಿ, ಹೆಚ್ಚುಕಡಿಮೆ ಅಷ್ಟೇ ತೂಕ! ಬೆರಳು ಹಿಡಿದರೆ ಬಿಡದ ಆ ಮುಷ್ಟಿ, ಅತ್ತಾಗ ಕಂಪಿಸುವ ಆ ದವಡೆ, ಬೆನ್ನ ಮೇಲೆ ಕೈಯಾಡಿಸಿದರೆ ಮಣಿಸರದಂತೆ ಸಿಗುವ ಆ ಬೆನ್ನೆಲುಬು, ಎಲ್ಲವೂ ನಾಲ್ಕು ನಾಣ್ಯದ ಬಂಡವಾಳದಲ್ಲಿ ಕಟ್ಟಿದ್ದು.

ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಸೇರುವುದು ಕೊನೆಯ ಮೂರು ತಿಂಗಳಲ್ಲಿ. ಕಡೆಯ ಆರು ವಾರಗಳಲ್ಲಂತೂ ದಿನಕ್ಕೆ ಸುಮಾರು 300 ಮಿಲಿಗ್ರಾಂ ಕ್ಯಾಲ್ಸಿಯಂ ತಾಯಿಯಿಂದ ಕೂಸಿಗೆ ಹರಿಯುತ್ತದೆ. ಈ ಹರಿವು ಇಳಿಜಾರಿನ ಹರಿವಲ್ಲ. ಕೂಸಿನ ರಕ್ತದಲ್ಲಿ ಕ್ಯಾಲ್ಸಿಯಂ ಮಟ್ಟ ತಾಯಿಯ ರಕ್ತಕ್ಕಿಂತ ಮೇಲಿರುತ್ತದೆ. ಅಂದರೆ ಮಾಸು, ಹೆರಿಗೆಯ ನಂತರ ನಾವು ಮಣ್ಣಲ್ಲಿ ಹೂತುಬಿಡುವ ಆ ಮಾಸು, ಹಗಲೂ ರಾತ್ರಿ ತಗ್ಗಿನಿಂದ ದಿಬ್ಬಕ್ಕೆ ನೀರೆತ್ತುವ ಏತದಂತೆ ದುಡಿಯುತ್ತಿರುತ್ತದೆ!

ಇಲ್ಲಿ ಬೆರಗಾಗುವ ಇನ್ನೊಂದು ಸಂಗತಿ ಇದೆ, ಅದು ನಮ್ಮ ಮೈಸೂರಿನದೇ. 1997-98ರಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಗೆ, ಜನ ಮಿಷನ್ ಆಸ್ಪತ್ರೆ ಎನ್ನುವ ಆ ಆಸ್ಪತ್ರೆಗೆ, ಬಂದ ಗರ್ಭಿಣಿಯರನ್ನು ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿದರು. ಅವರಲ್ಲಿ 559 ಹೆಂಗಸರ ರಕ್ತದಲ್ಲಿ ವಿಟಮಿನ್ ಡಿ ಅಳೆದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ನೂರಕ್ಕೆ 66 ಮಂದಿಯಲ್ಲಿ ಕೊರತೆ! ವರ್ಷವಿಡೀ ಸೂರ್ಯ ಬೆಳಗುವ ನಾಡಿನಲ್ಲಿ ಮೂವರಲ್ಲಿ ಇಬ್ಬರು ತಾಯಂದಿರಿಗೆ ಬಿಸಿಲಿನ ವಿಟಮಿನ್ ಸಾಲದಾಗಿತ್ತು. ಹಾಗಿದ್ದರೂ ಆ ಕೊರತೆಗೂ ಕೂಸುಗಳ ಹುಟ್ಟುಗಾತ್ರಕ್ಕೂ ನಂಟೇ ಕಾಣಲಿಲ್ಲ.

ಹೇಗೆ ಸಾಧ್ಯ? ಮಾಸಿನ ಆ ಏತ ನಡೆಯಲು ವಿಟಮಿನ್ ಡಿ ಬೇಕಾಗಿಲ್ಲ. ತಾಯಿಯಲ್ಲಿ ಅದು ಇರಲಿ, ಇಲ್ಲದಿರಲಿ, ಕೂಸಿನ ಪಾಲು ಕೂಸಿಗೆ ಸಂದುಬಿಡುತ್ತದೆ. ಹುಟ್ಟಿದ ದಿನ ಕೂಸು ಗುಂಡುಗುಂಡಾಗಿಯೇ ಇರುತ್ತದೆ. ಸಾಲ ಇದ್ದರೆ ಅದು ಕಾಣುವುದು ವಾರಗಳ ನಂತರ.

ಬಳ್ಳಿ ಕತ್ತರಿಸಿದ ಕ್ಷಣ

ಹೊಕ್ಕುಳ ಬಳ್ಳಿಗೆ ಕತ್ತರಿ ಬೀಳುತ್ತದೆ. ಒಂದೇ ಕ್ಷಣ, ಒಂಬತ್ತು ತಿಂಗಳ ಏತ ನಿಂತುಹೋಯಿತು!

ಆಗ ಏನಾಗುತ್ತದೆ ಎಂದು ಓದುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಕೂಸಿನ ರಕ್ತದ ಕ್ಯಾಲ್ಸಿಯಂ ಇಳಿಯತೊಡಗುತ್ತದೆ. 24ರಿಂದ 48 ಗಂಟೆಗಳ ನಡುವೆ ತೀರ ತಳ ಮುಟ್ಟುತ್ತದೆ. ಗಂಟಲ ಬಳಿ, ತೀರ ಚಿಕ್ಕದಾಗಿ ಕೂತಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಆವರೆಗೆ ತೂಕಡಿಸುತ್ತಿದ್ದವು, ಏಕೆಂದರೆ ಗರ್ಭದಲ್ಲಿ ಎಲ್ಲವೂ ಸಮೃದ್ಧ. ಈಗ ಅವು ಎಚ್ಚರಗೊಳ್ಳುತ್ತವೆ. ಹಾರ್ಮೋನು ಹೊರಡುತ್ತದೆ, ಮೂಳೆ ಸ್ವಲ್ಪ ಕೊಡುತ್ತದೆ, ಮೂತ್ರಪಿಂಡ ಹಿಡಿದಿಟ್ಟುಕೊಳ್ಳುತ್ತದೆ, ಮಟ್ಟ ಮತ್ತೆ ಮೇಲೇರುತ್ತದೆ. ನಾವು ಹೊರಗೆ ಪೆಪ್ಪರ್‌ಮೆಂಟ್ ಹಂಚುತ್ತಾ, ಮೂಗು ಯಾರ ಹಾಗಿದೆ ಎಂದು ವಾದಿಸುತ್ತಿರುವಾಗ, ಒಳಗೆ ಆ ಕೂಸು ತನ್ನ ಜೀವನದ ಮೊದಲ ದೊಡ್ಡ ಹೊಳೆಯನ್ನು ಒಂಟಿಯಾಗಿ ದಾಟಿ ಮುಗಿಸಿರುತ್ತದೆ.

ಆಮೇಲೆ ಎಲ್ಲ ಹೊಣೆ ಕರುಳಿನದು. ಮೊದಲ ದಿನಗಳಲ್ಲಿ ಕರುಳು ಕ್ಯಾಲ್ಸಿಯಮ್ಮನ್ನು ಹೆಚ್ಚಾಗಿ ಹಾಲಿನ ಸಿಹಿಯಾದ ಲ್ಯಾಕ್ಟೋಸಿನ ನೆರವಿನಿಂದ ಸುಮ್ಮನೆ ಹೀರಿಕೊಳ್ಳುತ್ತದೆ. ವಾರಗಳು ಕಳೆದಂತೆ ಆ ದಾರಿ ಕಿರಿದಾಗಿ, ವಿಟಮಿನ್ ಡಿ ಬಂದು ಚಿಲಕ ತೆಗೆದರೆ ಮಾತ್ರ ಬಾಗಿಲು ತೆರೆಯುವಂಥ ವ್ಯವಸ್ಥೆ ಬರುತ್ತದೆ. ಆ ಹೊತ್ತಿಗೆ ಚಿಲಕ ತೆಗೆಯುವವನು ಇರಬೇಕು. ತಾಯಿಯಿಂದ ಗರ್ಭದಲ್ಲಿ ಬಂದ ವಿಟಮಿನ್ನಿನ ದಾಸ್ತಾನು ಎರಡು ಮೂರು ವಾರಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತಾ ಹೋಗುತ್ತದೆ. ತಾಯಿಯಲ್ಲೇ ಇಲ್ಲದಿದ್ದರೆ ಕೂಸಿನ ದಾಸ್ತಾನು ಮೊದಲೇ ಖಾಲಿ.

ಈ ಬಾಗಿಲು ಮುಚ್ಚಿಹೋದರೆ ಆಗುವುದನ್ನು ಚೆನ್ನೈನ ಮಕ್ಕಳ ವೈದ್ಯರು 2006ರಲ್ಲಿ ವರದಿ ಮಾಡಿದ್ದಾರೆ. ಎದೆಹಾಲನ್ನೇ ಕುಡಿದು ಬೆಳೆಯುತ್ತಿದ್ದ 13 ಕೂಸುಗಳು ಫಿಟ್ಸ್ ಬಂದು ಆಸ್ಪತ್ರೆ ಸೇರಿದವು. ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿತ್ತು, ಅದರ ಹಿಂದಿದ್ದದ್ದು ವಿಟಮಿನ್ ಡಿ ಕೊರತೆ. ಬಿಸಿಲಿಗೆ ಹೆಸರಾದ ಚೆನ್ನೈ! ನಮ್ಮ ಹಲಸೂರು, ಕೆ.ಆರ್. ಪುರ ಹಾದು ಪೂರ್ವಕ್ಕೆ ಹೋಗುವ ಹಳೆ ಮದ್ರಾಸ್ ರಸ್ತೆಯ ಆ ತುದಿಯಲ್ಲಿರುವ ಊರು.

ಅವಸರವಾಗಿ ಹುಟ್ಟಿದ ಕೂಸುಗಳ ಕಥೆ ಇನ್ನೂ ನಾಜೂಕು. ಕೊನೆಯ ಮೂರು ತಿಂಗಳ ಆ ದೊಡ್ಡ ಸಾಗಣೆ ನಡೆಯುವ ಮುನ್ನವೇ ಅವು ಗಾಡಿಯಿಂದ ಇಳಿದುಬಿಟ್ಟಿರುತ್ತವೆ. ಅದಕ್ಕೇ ತೀರ ಕಡಿಮೆ ತೂಕದ ಕೂಸುಗಳಿಗೆ ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ತಾಯಿಯ ಹಾಲಿಗೇ ಕ್ಯಾಲ್ಸಿಯಂ, ರಂಜಕ ತುಂಬಿದ ಪುಡಿಯನ್ನು ಅಳೆದು ಬೆರೆಸಿ ಕೊಡುವುದು. ಗರ್ಭದ ಏತ ಮಾಡಬೇಕಿದ್ದ ಕೆಲಸವನ್ನು ನರ್ಸಮ್ಮನ ಬೆರಳುಗಳು ಮುಂದುವರಿಸುತ್ತಿರುತ್ತವೆ.

ಹಾಲಿನೊಳಗಿನ ತಕ್ಕಡಿ

ಈಗ ತಂಗಿಯ ಪ್ರಶ್ನೆಗೆ ಬರುತ್ತೇನೆ. ಅವಳ ಹಾಲಲ್ಲಿ ಏನು ಕಮ್ಮಿ?

ಒಂದು ಲೀಟರ್ ತಾಯಿಹಾಲಿನಲ್ಲಿ ಇರುವ ಕ್ಯಾಲ್ಸಿಯಂ 300 ಮಿಲಿಗ್ರಾಮಿಗಿಂತ ತುಸು ಕಡಿಮೆ. ಹಸುವಿನ ಹಾಲಿನಲ್ಲಿ ಸುಮಾರು 1,200. ನಾಲ್ಕು ಪಟ್ಟು! ಮೊದಲ ನೋಟಕ್ಕೆ ಹಸುವೇ ಗೆದ್ದಿತು ಅನ್ನಿಸುತ್ತದೆ. ನನಗೂ ಅನ್ನಿಸಿತು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ರಂಜಕ ಕೂತಿದೆ. ತಾಯಿಹಾಲಿನಲ್ಲಿ ಕ್ಯಾಲ್ಸಿಯಂ ರಂಜಕದ ಸುಮಾರು ಎರಡರಷ್ಟು. ಹಸುವಿನ ಹಾಲಿನಲ್ಲಿ ರಂಜಕವೇ ಲೀಟರಿಗೆ 900 ಮಿಲಿಗ್ರಾಂ ಮೀರುತ್ತದೆ, ತಾಯಿಹಾಲಿನ ಆರು ಪಟ್ಟಿಗೂ ಹೆಚ್ಚು.

ಕರುವಿಗೆ ಅದು ಸರಿ. ಕರು ಹುಟ್ಟಿದ ಕೆಲವೇ ಹೊತ್ತಿನಲ್ಲಿ ಎದ್ದು ನಿಲ್ಲಬೇಕು, ಎರಡು ತಿಂಗಳೊಳಗೆ ತೂಕ ಇಮ್ಮಡಿಯಾಗಬೇಕು. ನಮ್ಮ ಕೂಸಿಗೆ ಇಮ್ಮಡಿಯಾಗಲು ಐದು ತಿಂಗಳಿನಷ್ಟು ಸಮಯವಿದೆ, ನಿಲ್ಲಲು ಒಂದು ವರ್ಷವೇ ಇದೆ. ಅದರ ಎಳೆಯ ಮೂತ್ರಪಿಂಡಗಳಿಗೆ ಅಷ್ಟು ರಂಜಕವನ್ನು ಹೊರಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ. ರಕ್ತದಲ್ಲಿ ರಂಜಕ ಏರುತ್ತದೆ, ಅದು ಏರಿದಂತೆ ಕ್ಯಾಲ್ಸಿಯಂ ಇಳಿಯುತ್ತದೆ. ಮೊದಲ ವಾರ ಮುಗಿಯುವ ಹೊತ್ತಿಗೆ ಕೈಕಾಲು ಅದುರಿ ಫಿಟ್ಸ್ ಬರಬಹುದು. ಹಿಂದೆ ಹಸುವಿನ ಹಾಲನ್ನೇ ಕುಡಿಸುತ್ತಿದ್ದ ಕಾಲದಲ್ಲಿ ವೈದ್ಯರು ಇದನ್ನು ಬೇಕಾದಷ್ಟು ಕಂಡರು. ಹೆಚ್ಚು ಕ್ಯಾಲ್ಸಿಯಂ ಇರುವ ಹಾಲು ಕುಡಿದ ಕೂಸಿನಲ್ಲಿ ಕ್ಯಾಲ್ಸಿಯಂ ಕೊರತೆ! ಡಬ್ಬದ ಹಾಲು ತಯಾರಿಸುವವರು ಇವತ್ತಿಗೂ ಹಸುವಿನ ಹಾಲಿನ ಖನಿಜಗಳನ್ನು ತಗ್ಗಿಸಿ, ತಿದ್ದಿ, ತಾಯಿಯ ತಕ್ಕಡಿಯ ಹತ್ತಿರಕ್ಕೆ ತರಲು ಪಾಡುಪಡುತ್ತಿರುವುದು ಈ ಕಾರಣಕ್ಕೆ. ಕೆ.ಆರ್. ಪುರದ ಹಳೆ ಊರುಗಳ ಕಡೆ ಕೊಟ್ಟಿಗೆಯಿಂದ ನೊರೆಹಾಲು ತರುವ ಮನೆಗಳು ಇನ್ನೂ ಇವೆ. ಮನೆಮಂದಿಗೆಲ್ಲ ಅದು ಅಮೃತವೇ, ಎಳೆಗೂಸಿಗೆ ಮಾತ್ರ ಅಲ್ಲ.

ಹಾಗಾದರೆ ತಾಯಿಯ ಹಾಲಿಗೆ ಕ್ಯಾಲ್ಸಿಯಂ ಬರುವುದು ಎಲ್ಲಿಂದ? ಓದಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅವಳ ಮೂಳೆಯಿಂದ! ಎದೆಯ ಗ್ರಂಥಿಗಳೇ ಪಿಟಿಎಚ್‌ಆರ್‌ಪಿ ಎಂಬ ಹಾರ್ಮೋನನ್ನು ಸ್ರವಿಸಿ, ತಾಯಿಯ ಬೆನ್ನುಮೂಳೆಗೆ ಹೇಳಿ ಕಳಿಸುತ್ತವೆ: ಸ್ವಲ್ಪ ಕೊಡು. ಹಾಲೂಡಿಸುವ ತಿಂಗಳುಗಳಲ್ಲಿ ಅವಳ ಬೆನ್ನುಮೂಳೆಯ ಖನಿಜದಲ್ಲಿ ನೂರಕ್ಕೆ 3ರಿಂದ 10 ಪಾಲು ಕರಗಿ ಹಾಲಾಗುತ್ತದೆ. ಎಷ್ಟು ಕ್ಯಾಲ್ಸಿಯಂ ಮಾತ್ರೆ ನುಂಗಿದರೂ ಈ ಕರಗುವಿಕೆ ಪೂರ್ತಿ ನಿಲ್ಲದು. ಹೆದರಬೇಕಾಗಿಯೂ ಇಲ್ಲ. ಕೂಸು ಹಾಲು ಬಿಟ್ಟ ಮೇಲೆ ಆರೆಂಟು ತಿಂಗಳಲ್ಲಿ, ವರ್ಷದೊಳಗೆ, ಆ ಮೂಳೆ ತನ್ನಷ್ಟಕ್ಕೆ ಮತ್ತೆ ತುಂಬಿಕೊಳ್ಳುತ್ತದೆ. ಬೇರೆ ಯಾವ ಕಾರಣಕ್ಕೆ ಸವೆದ ಮೂಳೆಯೂ ಇಷ್ಟು ಚೆಂದವಾಗಿ ಮರಳಿ ಕಟ್ಟಿಕೊಳ್ಳುವುದು ಅಪರೂಪ. 'ಮೂಳೆ ತೇದು ಸಾಕಿದೆ' ಎಂದು ನಮ್ಮ ತಾಯಂದಿರು ಹೇಳಿದರೆ ಅದು ಬರೀ ಮಾತಿನ ವರಸೆಯಲ್ಲ, ದೇಹಶಾಸ್ತ್ರ!

ಇಷ್ಟೆಲ್ಲ ಇರುವ ಈ ಹಾಲಿನಲ್ಲಿ ವಿಟಮಿನ್ ಡಿ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ, ಲೀಟರಿಗೆ 20ರಿಂದ 80 ಐಯು, ಅಂದರೆ ಅಂತರರಾಷ್ಟ್ರೀಯ ಯೂನಿಟ್. ಕೂಸು ಕುಡಿಯುವುದೇ ಮುಕ್ಕಾಲು ಲೀಟರ್. ದಿನಕ್ಕೆ ಬೇಕಾದದ್ದು 400. ಎಲ್ಲಿ 400, ಎಲ್ಲಿ 40!

ಮೂಳೆಯನ್ನೇ ಕರಗಿಸಿ ಕೊಡುವ ತಾಯಿ ಇದೊಂದನ್ನು ಏಕೆ ಮರೆತಳು? ಉತ್ತರ ತಾರಸಿಯ ಮೇಲಿತ್ತು.

ತಾರಸಿ ಮೇಲೆ ಸೀಮೆಸುಣ್ಣ

ಅಮ್ಮನ ಬಿಸಿಲನ್ನು ನಾನೇ ಅಳೆದೆ. ಒಂದು ಟೇಪು, ಒಂದು ಸೀಮೆಸುಣ್ಣ, ಇಷ್ಟೇ ಸಾಮಾನು. ನನ್ನ ಎತ್ತರ ಐದೂವರೆ ಅಡಿ. ಎಂಟು ಗಂಟೆಗೆ ನೆಟ್ಟಗೆ ನಿಂತು ನೆರಳಿನ ತಲೆಯ ತುದಿಗೆ ಗೆರೆ ಎಳೆಸಿದೆ. ಹತ್ತೊಂಬತ್ತೂವರೆ ಅಡಿ! ನೆರಳು ನೀರಿನ ಟ್ಯಾಂಕಿನ ತನಕ ಹೋಗಿ ಮಲಗಿತ್ತು. ಹತ್ತೂವರೆಗೆ ಮತ್ತೆ ನಿಂತೆ. ಸರಿಯಾಗಿ ಐದೂವರೆ ಅಡಿ, ನಾನೂ ನೆರಳೂ ಸಮಸಮ. ಹನ್ನೆರಡೂವರೆಗೆ ಮೂರೂ ಮುಕ್ಕಾಲು ಅಡಿ. ಎರಡೂವರೆಗೆ ಮತ್ತೆ ಐದೂವರೆ.

ಈ ಗೆರೆಗಳಲ್ಲೇ ಗುಟ್ಟು ಅಡಗಿದೆ. ನಮ್ಮ ಚರ್ಮದಲ್ಲಿ 7-ಡಿಹೈಡ್ರೊಕೊಲೆಸ್ಟರಾಲ್ ಎಂಬ ಜಿಡ್ಡಿನ ಅಂಶ ಕಾದು ಕೂತಿರುತ್ತದೆ. ಅತಿನೇರಳೆಯ ಒಂದು ಕಿರಿದಾದ ಪಟ್ಟಿ, 290ರಿಂದ 315 ನ್ಯಾನೊಮೀಟರ್‌ನ ಯುವಿಬಿ ಕಿರಣ, ಬಂದು ತಾಗಿದರೆ ಆ ಅಣುವಿನ ಒಂದು ಉಂಗುರ ಬಿಚ್ಚಿಕೊಳ್ಳುತ್ತದೆ. ಆಮೇಲೆ ಮೈಯ ಕಾವಿಗೇ ಅದು ಮೆಲ್ಲಗೆ ಮಗ್ಗುಲು ಬದಲಿಸಿ ವಿಟಮಿನ್ ಡಿ ಆಗುತ್ತದೆ. ಯಕೃತ್ತಿನಲ್ಲೊಂದು, ಮೂತ್ರಪಿಂಡದಲ್ಲೊಂದು ಮುದ್ರೆ ಬಿದ್ದ ಮೇಲೆ ಕರುಳಿನ ಆ ಚಿಲಕ ತೆಗೆಯಲು ಹೊರಡುತ್ತದೆ. ಒಂದು ಬೆಳಕಿನ ಗೆರೆ ಒಂದು ಮೂಳೆಯಾಗುವ ದಾರಿ ಇದು!

ಆದರೆ ಎಂಟು ಗಂಟೆಯ ಸೂರ್ಯ ಓರೆಯಾಗಿರುತ್ತಾನೆ. ಅವನ ಕಿರಣ ನಡುನೆತ್ತಿಯ ಸೂರ್ಯನ ಕಿರಣಕ್ಕಿಂತ ಮೂರೂವರೆ ಪಟ್ಟಿಗೂ ಹೆಚ್ಚು ದಪ್ಪದ ಗಾಳಿ, ಓಜೋನು ತೂರಿ ಬರಬೇಕು. ದಾರಿಯಲ್ಲೇ ಯುವಿಬಿ ಹೆಚ್ಚುಕಡಿಮೆ ಖರ್ಚಾಗಿಹೋಗುತ್ತದೆ. ನಮಗೆ ಸಿಗುವುದು ಬೆಳಕು, ಬೆಚ್ಚನೆ, ಹಿತ. ವಿಟಮಿನ್ ಅಲ್ಲ. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾದಾಗ ಮಾತ್ರ ಚರ್ಮದಲ್ಲಿ ಕೆಲಸ ಚೆನ್ನಾಗಿ ನಡೆಯುತ್ತದೆ. ತಿರುಪತಿಯಲ್ಲಿ ಡಾ. ಸಿ.ವಿ. ಹರಿನಾರಾಯಣ್ ಮತ್ತು ಸಂಗಡಿಗರು ಅದೇ ಜಿಡ್ಡಿನ ಅಂಶವನ್ನು ಆಂಪೂಲುಗಳಲ್ಲಿ ತುಂಬಿ ಗಂಟೆಗಂಟೆಗೂ ಬಿಸಿಲಿಗಿಟ್ಟು ಅಳೆದಿದ್ದಾರೆ. ವರ್ಷದುದ್ದಕ್ಕೂ ಹೆಚ್ಚು ವಿಟಮಿನ್ ಹುಟ್ಟಿದ್ದು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ. ತಿರುಪತಿಯ ಅಕ್ಷಾಂಶ ನಮ್ಮದಕ್ಕೆ ತೀರ ಹತ್ತಿರ. ಅದೇ ಸೂರ್ಯ, ಅದೇ ಓರೆ.

ಅಮ್ಮನ ಎಳೆಬಿಸಿಲು ಪ್ರೀತಿಯ ಬಿಸಿಲು. ವಿಟಮಿನ್ ಇರುವ ಬಿಸಿಲಿಗೆ ಎಳೆಗೂಸಿನ ಚರ್ಮ ಒಡ್ಡಲು ಯಾವ ಅಜ್ಜಿಗೂ ಮನಸ್ಸು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಗಾಜಿನ ಗೋಷಾ

ಮನುಷ್ಯ ಜಾತಿ ಬಹುಕಾಲ ಬದುಕಿದ್ದು ಬಯಲಿನಲ್ಲಿ. ತಾಯಿ ಬಿಸಿಲಲ್ಲಿ ದುಡಿದಳು, ಕೂಸು ಅವಳ ಬೆನ್ನಿಗೋ ಕಂಕುಳಿಗೋ ಅಂಟಿಕೊಂಡಿತ್ತು. ಇಬ್ಬರ ಚರ್ಮಕ್ಕೂ ಸೂರ್ಯ ತಾನಾಗಿ ಸಿಗುತ್ತಿದ್ದ. ಹಾಲು ಆ ಲೆಕ್ಕದ ಮೇಲೆ ರೂಪುಗೊಂಡ ಅಡುಗೆ. ಒಂದು ಸಾಮಾನು ಮನೆಯ ಹೊರಗೇ ಹೇರಳವಾಗಿದ್ದುದರಿಂದ ಅದನ್ನು ಒಳಗೆ ದಾಸ್ತಾನು ಮಾಡಲಿಲ್ಲ, ಅಷ್ಟೇ.

ನಾವು ಸೂರ್ಯನಿಗೆ ಬಾಗಿಲು ಹಾಕಿದೆವು. ಶಿವಾಜಿನಗರದಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ಗೋಷಾ ಆಸ್ಪತ್ರೆ ಇದೆ. ದಂಡಿನ, ಅಂದರೆ ಕಂಟೋನ್ಮೆಂಟಿನ, ದೊಡ್ಡ ವ್ಯಾಪಾರಿಯಾಗಿದ್ದ ಸೇಠರು, ಗೋಷಾದ, ಅಂದರೆ ಪರದೆಯ, ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಬಂದು ಹೆರಿಗೆ ಮಾಡಿಸಿಕೊಳ್ಳಲೆಂದು ಕೊಟ್ಟ ಕೊಡುಗೆ. ಎಷ್ಟು ತಲೆಮಾರಿನ ದಂಡಿನ ಕೂಸುಗಳು ಅಲ್ಲಿ ಮೊದಲ ಸಲ ಅತ್ತಿವೆಯೋ! ಆ ಹೆಸರಿನ ಮುಂದೆ ನಿಂತಾಗ ನನಗೆ ಹೊಳೆದದ್ದು, ಇವತ್ತು ಗೋಷಾದಲ್ಲಿ ಇಲ್ಲದವರು ಯಾರು? ಇಂದಿರಾನಗರದ ಗಾಜಿನ ಕಚೇರಿಯಲ್ಲಿ ಹತ್ತು ಗಂಟೆ ಕೂರುವ ಹುಡುಗಿ, ಕೆ.ಆರ್. ಪುರದ ತೂಗುಸೇತುವೆ ಮೇಲೆ ಕಾರಿನ ಗಾಜು ಏರಿಸಿ ಕಾಯುವವಳು, ಕಿಟಕಿಯಿಂದ ಕಿಟಕಿಗೆ ಕೈ ತಾಗುವ ಗಲ್ಲಿಯ ಮನೆಯೊಳಗಿನ ಬಾಣಂತಿ, ಎಲ್ಲರೂ ಒಳಗೇ. ಕಿಟಕಿಯ ಗಾಜು ಬೆಳಕನ್ನು ಬಿಡುತ್ತದೆ, ಯುವಿಬಿಯನ್ನು ತಡೆಯುತ್ತದೆ. ಗಾಜಿನ ಹಿಂದೆ ಕೂತು ಎಷ್ಟು ಬಿಸಿಲು ಕಾಯಿಸಿದರೂ ಚರ್ಮದ ಪಾಲಿಗೆ ಅದು ಕತ್ತಲೆ. ನಮ್ಮ ಮೈಬಣ್ಣ ಕೊಡುವ ಮೆಲನಿನ್ ಸಹ ಯುವಿಬಿಯನ್ನು ಸೋಸುವುದರಿಂದ, ಬಿಳಿಚರ್ಮದವರಿಗಿಂತ ನಮಗೆ ಹೆಚ್ಚು ಹೊತ್ತು ಬೇಕು.

ಈಗ ತಂಗಿಗೆ ಹೇಳಬೇಕಾದ ಮಾತು. ಅಮೆರಿಕದ ದಕ್ಷಿಣ ಕೆರೊಲಿನಾದ ಬ್ರೂಸ್ ಹಾಲಿಸ್, ಕ್ಯಾರಲ್ ವ್ಯಾಗ್ನರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಾಲೂಡಿಸುವ ತಾಯಂದಿರಿಗೆ ದಿನಕ್ಕೆ 6,400 ಐಯು ವಿಟಮಿನ್ ಡಿ ಕೊಟ್ಟರು, ಕೂಸುಗಳಿಗೆ ಹನಿಯೇ ಇಲ್ಲ. ಆ ಕೂಸುಗಳ ರಕ್ತದಲ್ಲಿ ವಿಟಮಿನ್ ಡಿ, ಹನಿ ಹಾಕಿದ ಕೂಸುಗಳಷ್ಟೇ ಚೆನ್ನಾಗಿತ್ತು. ತಾಯಿಯ ಮೈ ತುಂಬಿದಾಗ ಹಾಲೂ ತುಂಬಿತು! ಹಾಲು ಯಾವತ್ತೂ ಏನನ್ನೂ ಬಚ್ಚಿಟ್ಟಿರಲಿಲ್ಲ. ತಾಯಿಯ ಕೈಗೇ ಸೇರದ್ದನ್ನು ಅವಳು ಕೊಡುವುದೆಲ್ಲಿಂದ? ಅಷ್ಟು ದೊಡ್ಡ ಪ್ರಮಾಣ ಡಾಕ್ಟರ ಉಸ್ತುವಾರಿಯ ಪ್ರಯೋಗ, ಮನೆಯಲ್ಲಿ ಮಾಡುವಂಥದ್ದಲ್ಲ. ಆದರೆ ಅದು ಕೊಟ್ಟ ತೀರ್ಪು ಎಲ್ಲ ಬಾಣಂತಿಯರಿಗೂ ಸೇರಿದ್ದು.

ಕುರಿಯ ಉಣ್ಣೆಯಿಂದ ಬಂದ ಸೂರ್ಯ

ಸೂರ್ಯನನ್ನು ಬಾಟಲಿಗೆ ಇಳಿಸಿದ ಕಥೆಯೂ ಮೈ ಜುಮ್ಮೆನ್ನಿಸುತ್ತದೆ. 1890ರಲ್ಲಿ ಥಿಯೊಬಾಲ್ಡ್ ಪಾಮ್ ಎಂಬ ಮಿಷನರಿ ವೈದ್ಯ, ಜಪಾನಿನಲ್ಲಿ ದುಡಿದು ಇಂಗ್ಲೆಂಡಿಗೆ ಮರಳಿದವನು, ಬೇರೆ ಬೇರೆ ದೇಶಗಳ ವೈದ್ಯರಿಗೆ ಪತ್ರ ಬರೆದು ವಿಚಾರಿಸಿ, ಕಾಲು ಬಿಲ್ಲಾಗುವ ರಿಕೆಟ್ಸ್ ಇರುವುದು ಸೂರ್ಯ ಕಾಣದ ಊರುಗಳಲ್ಲಿ ಎಂದು ಬರೆದ. 1919ರಲ್ಲಿ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳಿಗೆ ಮೀನೆಣ್ಣೆ ಕೊಟ್ಟು ರಿಕೆಟ್ಸ್ ತಡೆದ. ಅದೇ ವರ್ಷ ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ ಪಾದರಸದ ದೀಪದ ಬೆಳಕು ಹಾಯಿಸಿ ಮಕ್ಕಳನ್ನು ಗುಣಪಡಿಸಿದ. ಒಂದು ತೋಳಿಗಷ್ಟೇ ಬೆಳಕು ಬಿಟ್ಟರೆ ಇನ್ನೊಂದು ತೋಳಿನ ಮೂಳೆಯೂ ಗಟ್ಟಿಯಾಯಿತು! ಚರ್ಮದಲ್ಲಿ ಏನೋ ಹುಟ್ಟಿ ರಕ್ತದಲ್ಲಿ ಊರೆಲ್ಲ ಸುತ್ತುತ್ತಿದೆ ಎಂದು ಅವನಿಗೆ ಆಗಲೇ ಹೊಳೆಯಿತು. 1922ರಲ್ಲಿ ಎಲ್ಮರ್ ಮೆಕಾಲಮ್ ಅದಕ್ಕೆ 'ಡಿ' ಎಂದು ಹೆಸರಿಟ್ಟ.

ಈ ಹನಿ ಇವತ್ತು ಬರುವುದು ಹೆಚ್ಚಾಗಿ ಎಲ್ಲಿಂದ ಗೊತ್ತೆ? ಕುರಿಯ ಉಣ್ಣೆಯಿಂದ! ಉಣ್ಣೆ ತೊಳೆದಾಗ ಸಿಗುವ ಜಿಡ್ಡಿನಿಂದ ನಮ್ಮ ಚರ್ಮದಲ್ಲಿರುವ ಅದೇ ಅಂಶವನ್ನು ತಯಾರಿಸಿ, ಅತಿನೇರಳೆ ದೀಪದ ಕೆಳಗೆ ಹಿಡಿಯುತ್ತಾರೆ. ಚರ್ಮದಲ್ಲಿ ಸೂರ್ಯ ಮಾಡುವುದನ್ನೇ ಕಾರ್ಖಾನೆಯಲ್ಲಿ ದೀಪ ಮಾಡುತ್ತದೆ. ಬಾಣಂತಿಯನ್ನು ಕಂಬಳಿ ಹೊದಿಸಿ ಬಿಸಿಲಿನಿಂದ ಮರೆಮಾಡಿದ ನಾಡಿಗೆ, ಉಣ್ಣೆಯೇ ಬಿಸಿಲನ್ನು ಮರಳಿ ತಂದುಕೊಟ್ಟಿತು.

ಪ್ರಮಾಣವೋ! 400 ಐಯು ಎಂದರೆ 10 ಮೈಕ್ರೊಗ್ರಾಂ. ಒಂದೇ ಒಂದು ಗ್ರಾಂ ವಿಟಮಿನ್ ಡಿ ಇದ್ದರೆ ಒಂದು ಲಕ್ಷ ದಿನಗಳಿಗೆ ಸಾಕು. ಒಂದು ಚಿಟಿಕೆ ಪುಡಿಯಲ್ಲಿ 270ಕ್ಕೂ ಹೆಚ್ಚು ಕೂಸುಗಳ ಇಡೀ ಮೊದಲ ವರ್ಷ!

ಇಷ್ಟು ಶಕ್ತಿ ಇರುವುದರಿಂದಲೇ ಎಚ್ಚರವೂ ಬೇಕು. ಚರ್ಮಕ್ಕೆ ಅಳತೆ ಗೊತ್ತು, ಬಿಸಿಲು ಹೆಚ್ಚಾದರೆ ಅದು ಹೆಚ್ಚುವರಿಯನ್ನು ಕೆಲಸಕ್ಕೆ ಬಾರದ ಅಣುಗಳಾಗಿ ಮುರಿದು ಹಾಕುತ್ತದೆ. ಬಾಟಲಿಗೆ ಆ ವಿವೇಕ ಇಲ್ಲ. ಅಂಗಡಿಯಲ್ಲಿ ಎಂ.ಎಲ್.ಗೆ 400 ಐಯು ಇರುವ ಹನಿಯೂ ಇದೆ, 800 ಇರುವುದೂ ಇದೆ. ನಮ್ಮದು 800, ಅದಕ್ಕೇ ಅರ್ಧ ಎಂ.ಎಲ್. ಬ್ರಾಂಡ್ ಬದಲಾದರೆ ಗೆರೆಯೂ ಬದಲಾಗುತ್ತದೆ, ಚೀಟಿಯನ್ನೂ ಬಾಟಲಿಯನ್ನೂ ಜೊತೆಗಿಟ್ಟು ಓದಲೇಬೇಕು. ದೊಡ್ಡವರು ವಾರಕ್ಕೊಮ್ಮೆ ತೆಗೆದುಕೊಳ್ಳುವ 60,000 ಐಯುವಿನ ಪೊಟ್ಟಣ ಕೂಸಿನ 150 ದಿನಗಳ ಪಾಲು. ಅದು ಕೂಸಿನ ಕಪಾಟಿನ ಹತ್ತಿರ ಇರಲೇಬಾರದು. ಹೆಚ್ಚಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ ಬಂದು ಮೂತ್ರಪಿಂಡಕ್ಕೂ ಏಟು ಬೀಳುತ್ತದೆ. ಹುಟ್ಟಿದ ಮೊದಲ ದಿನಗಳಿಂದ ವರ್ಷ ತುಂಬುವವರೆಗೆ ದಿನಕ್ಕೆ 400 ಐಯು ಎಂಬುದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯ ಸಲಹೆ. ಅದಕ್ಕಿಂತ ಹೆಚ್ಚು ಬೇಕೋ ಬೇಡವೋ ಡಾಕ್ಟರೇ ಹೇಳಬೇಕು.

ತಾಯಿಯನ್ನೂ ಸರ್ಕಾರ ಮರೆತಿಲ್ಲ. ಬಸುರಿನ 14ನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ, ಒಂದೊಂದರಲ್ಲೂ 500 ಮಿಲಿಗ್ರಾಂ ಕ್ಯಾಲ್ಸಿಯಂ, ಜೊತೆಗೆ 250 ಐಯು ವಿಟಮಿನ್ ಡಿ. ನಮ್ಮ ಅಡುಗೆಮನೆಯ ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆರು ತಿಂಗಳಿಗೆ ಮೊಳಕೆ ಕಟ್ಟಿದ ರಾಗಿಯ ಸರಿ ತಿನ್ನಿಸುವಾಗ ಅಮ್ಮಂದಿರು, ಅಜ್ಜಿಯರು ಗೊತ್ತಿದ್ದೋ ಗೊತ್ತಿಲ್ಲದೆಯೋ ಆ ನಾಲ್ಕು ನಾಣ್ಯದ ಗಂಟಿಗೆ ಐದನೆಯದನ್ನು ಸೇರಿಸುತ್ತಿರುತ್ತಾರೆ.

ಹನ್ನೊಂದು ಗಂಟೆಗೆ

ಇದನ್ನೆಲ್ಲ ನಾನು ಮನೆಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಅನ್ನ ಆರಿತ್ತು. ತಂಗಿ ಏನೂ ಮಾತಾಡಲಿಲ್ಲ. ಕೂಸನ್ನು ಎತ್ತಿಕೊಂಡು ಎದೆಗೆ ಹಚ್ಚಿಕೊಂಡಳು, ಬೆನ್ನು ನೀವುತ್ತಾ ಕೂತಳು. ಸ್ವಲ್ಪ ಹೊತ್ತಾದ ಮೇಲೆ "ನನ್ನ ಮೂಳೆನಾ ಅಣ್ಣ ಇದು ಕುಡೀತಿರೋದು?" ಅಂದಳು. ಆ ಸಲ ಅವಳ ದನಿಯಲ್ಲಿ ನಡುಕ ಇರಲಿಲ್ಲ.

ಮರುದಿನ ಅಮ್ಮ ಎಂಟು ಗಂಟೆಗೆ ಎಂದಿನಂತೆ ಎರೆದಳು, ಎಳೆಬಿಸಿಲು ಕಾಯಿಸಿದಳು. ಅದನ್ನು ಬಿಡಲು ಅವಳು ಒಪ್ಪಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಡ್ರಾಪರನ್ನು ಬೆಳಕಿಗೆ ಹಿಡಿದು, ಕನ್ನಡಕ ಸರಿಮಾಡಿಕೊಂಡು, ಅರ್ಧದ ಗೆರೆಗೆ ಸರಿಯಾಗಿ ತುಂಬಿ, ಕೂಸಿನ ಕೆನ್ನೆಯ ಒಳಮಗ್ಗುಲಿಗೆ ಒಂದೊಂದೇ ಹನಿ ಬಿಟ್ಟಳು. ಕೂಸು ಬಾಯಿ ಚಪ್ಪರಿಸಿತು.

ಹನ್ನೊಂದಕ್ಕೆ ನಡೆದದ್ದು ನಾನು ಎಣಿಸದೇ ಇದ್ದದ್ದು. ಬಾಣಂತಿಗೆ ಗಾಳಿ ಸೋಕಬಾರದು ಎನ್ನುತ್ತಿದ್ದ ಅಮ್ಮ, ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ತಂಗಿಯ ಕೈ ಹಿಡಿದು ತಾರಸಿಗೆ ಕರೆದುಕೊಂಡು ಹೋದಳು. "ತೋಳು ಮೇಲಕ್ಕೆ ಏರಿಸ್ಕೊ, ಸ್ವಲ್ಪ ಹೊತ್ತು ಕೂತ್ಕೊ. ನಿನ್ನ ಮೈ ತುಂಬಿದ್ರೆ ತಾನೆ!" ತಂಗಿಯ ನೆರಳು ಅವಳ ಎತ್ತರಕ್ಕಿಂತ ಗಿಡ್ಡವಾಗಿ, ನನ್ನ ಸೀಮೆಸುಣ್ಣದ ಗೆರೆಯ ಒಳಗೇ ಬಿದ್ದಿತ್ತು.

ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ 12 ಗಂಟೆ 17 ನಿಮಿಷಕ್ಕೆ ಬೆಂಗಳೂರಿನ ಮೇಲೆ ಸೂರ್ಯ ನೆಟ್ಟಗೆ ನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ಆ ಹೊತ್ತು ನೆರಳೇ ಇರುವುದಿಲ್ಲ. ಆಗ ಕೂಸಿಗೆ ಮೂರೂವರೆ ತಿಂಗಳು, ಕತ್ತು ನಿಂತಿರುತ್ತದೆ. ಮೆಟ್ಟಿಲ ಬಾಗಿಲ ನೆರಳಲ್ಲಿ ಅವಳನ್ನು ಎತ್ತಿ ಹಿಡಿದುಕೊಂಡು, ಬಿಸಿಲಲ್ಲಿ ನಿಂತ ಅವಳ ಅಮ್ಮನನ್ನು ತೋರಿಸಬೇಕೆಂದಿದ್ದೇನೆ. ಅಮ್ಮನ ನೆರಳು ಅವಳ ಪಾದದಡಿ ಅಡಗಿರುತ್ತದೆ. ಕೂಸು ತನ್ನ ಕತ್ತಿನ ಮೇಲೆ ತಾನೇ ತಲೆ ನಿಲ್ಲಿಸಿಕೊಂಡು ಅದನ್ನು ನೋಡುತ್ತದೆ.